‘ನನಗೆ ಮಾತು ಬರುವುದಿಲ್ಲ ಮಾಷ್ಟ್ರೆ’



ಈ ಸಲ ಹಳೆಯ ನೆನಪೊಂದನ್ನು ಹೇಳಿ ಸುಮ್ಮನಾಗುವ ಉದ್ದೇಶ ನನಗಿಲ್ಲ. ನಿಮ್ಮಲ್ಲಿ ಹಲವರು ಈಗ ಸ್ವತಃ ಅಧ್ಯಾಪಕರಾಗಿದ್ದೀರಿ. ಕೆಲವರ ಮಕ್ಕಳು ಐ.ಟಿ.ಐ.ಯಲ್ಲೋ ಪಾಲಿಟೆಕ್ನಿಕ್ಕಿನಲ್ಲೋ ನರ್ಸಿಂಗ್ ಶಾಲೆಯಲ್ಲೋ ಕಲಿಯುತ್ತಿದ್ದಾರೆ. ಆದುದರಿಂದ ನನ್ನ ಅಭಿಪ್ರಾಯವೊಂದನ್ನು ನಿಮ್ಮ ಮುಂದಿಟ್ಟು, ತಪ್ಪಿದ್ದರೆ ತಿದ್ದಿಸಿಕೊಳ್ಳಬೇಕೆಂದಿದ್ದೇನೆ. ಉದ್ಯೋಗ ತರಬೇತಿಗೆ ಬರುವ ನಮ್ಮೂರ ಹುಡುಗ ಹುಡುಗಿಯರಿಗೆ ‘ಸಂವಹನ ಕೌಶಲ’ ಎಂಬ ಹೆಸರಿನಲ್ಲಿ ನಾವು ಕಲಿಸುತ್ತಿರುವುದರಲ್ಲಿ ಬಹುಪಾಲು ಅವರ ಕೆಲಸಕ್ಕೆ ಒದಗುವಂಥದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಈ ಮಾತನ್ನಾಡುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ಕೇಳಬಹುದು. ಮಕ್ಕಳ ಬಾಯಿ ಮುಚ್ಚಿಸಿದವರ ಸಾಲಿನಲ್ಲಿ ನಾನೂ ಒಬ್ಬನಾಗಿದ್ದೆ, ಅಲ್ಲಿಂದಲೇ ಬಂತು.

1986ರ ಮಳೆಗಾಲ. ಬೆಳ್ತಂಗಡಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಕನ್ನಡ ಪಾಠ ನಡೆಯುತ್ತಿತ್ತು. ಹೊರಗೆ ಹಂಚಿನ ಮೇಲೆ ಮಳೆಯ ಸದ್ದು. ಒಳಗೆ ನನ್ನ ಪ್ರಶ್ನೆಗೆ ಉತ್ತರಿಸುವವರೇ ಇಲ್ಲ. ಆಗ ಹಿಂದಿನ ಬೆಂಚಿನಿಂದ, ತಾನಾಗಿ ಎಂದೂ ಕೈ ಎತ್ತದ ಹುಡುಗನೊಬ್ಬ ಎದ್ದು ನಿಂತು, ‘ನಾನು ಹೇಲುತ್ತೇನೆ ಸಾರ್’ ಎಂದ. ಘಟ್ಟದ ಮೇಲಿನ ಬಂಧುಗಳಿಗಾಗಿ ಒಂದು ವಿವರಣೆ: ಮನೆಯಲ್ಲಿ ತುಳುವಾಡುವ ಹಲವು ಮಕ್ಕಳ ನಾಲಗೆಯಲ್ಲಿ ಕನ್ನಡದ ಳಕಾರ ಲಕಾರವಾಗುತ್ತದೆ, ‘ಶಾಲೆ’ಯು ‘ಸಾಲೆ’ಯಾಗುತ್ತದೆ, ಮಹಾಪ್ರಾಣ ತನ್ನ ಪ್ರಾಣವನ್ನು ಕಳೆದುಕೊಳ್ಳುತ್ತದೆ. ಅದು ಮನೆಮಾತಿನ ನಿಯಮ, ಮಗುವಿನ ದಡ್ಡತನವಲ್ಲ. ಆದರೆ ‘ಹೇಳು’ ‘ಹೇಲು’ ಆದಾಗ ಕನ್ನಡದಲ್ಲಿ ಉಂಟಾಗುವ ಅರ್ಥವನ್ನು ಇಲ್ಲಿ ಬರೆಯಬೇಕಾಗಿಲ್ಲ. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. ನಕ್ಕು ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ನನ್ನ ಚಮತ್ಕಾರವನ್ನು ತೋರಿಸುವುದಕ್ಕಾಗಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ಆ ಪದವನ್ನು ಮೂರು ಸಲ ಹೇಳಿಸಿದೆ. ಮೂರು ಸಲವೂ ಅದು ಲಕಾರವಾಗಿಯೇ ಹೊರಬಂತು, ಮೂರು ಸಲವೂ ತರಗತಿ ನಕ್ಕಿತು. ಅವನ ಉತ್ತರ ಏನಿತ್ತೆಂದು ನಾನು ಕೇಳಲೇ ಇಲ್ಲ. ಮುಂದೆ ಹತ್ತನೆಯ ತರಗತಿ ಮುಗಿಯುವವರೆಗೆ ಹಾಜರಿ ಕರೆಯುವಾಗಿನ ‘ಪ್ರೆಸೆಂಟ್ ಸಾರ್’ ಒಂದನ್ನು ಬಿಟ್ಟರೆ ಆ ಹುಡುಗನ ಬಾಯಿಂದ ಇನ್ನೊಂದು ಶಬ್ದವನ್ನು ನಾನು ಕೇಳಿದ ನೆನಪಿಲ್ಲ.

ಈ ಘಟನೆಯನ್ನು ನಾನು ಮರೆತೇಬಿಟ್ಟಿದ್ದೆ. ನಿವೃತ್ತನಾಗಿ ಬಂಟ್ವಾಳದ ಕಡೆ ಬಂದು ನೆಲೆಸಿದ ಬಹು ವರ್ಷಗಳ ಮೇಲೆ ಒಂದು ಬೇಸಗೆಯಲ್ಲಿ ನಮ್ಮ ಬಾವಿಯ ಪಂಪು ಸುಟ್ಟುಹೋಯಿತು. ಸಿದ್ಧಕಟ್ಟೆಯ ದಾರಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವವರೊಬ್ಬರಿದ್ದಾರೆ, ಕೈಕೆಲಸ ಒಳ್ಳೆಯದು, ಆದರೆ ಮಾತನಾಡುವುದಿಲ್ಲ ಎಂದು ಯಾರೋ ಹೇಳಿದರು. ರಿಕ್ಷಾದಲ್ಲಿ ಮೋಟಾರನ್ನು ಹೇರಿಕೊಂಡು ಹೋದೆ. ಗ್ರೀಸು ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ ಎದ್ದ ಆ ನರೆಗೂದಲಿನ ಮನುಷ್ಯ, ‘ಮಾಷ್ಟ್ರೆ, ನನ್ನ ಗುರ್ತ ಸಿಕ್ಕಿತಾ?’ ಎಂದು ಕೇಳಿದ. ಸಿಕ್ಕಲಿಲ್ಲ. ಹೆಸರು ಹೇಳಿದ ಮೇಲೆ ಸಿಕ್ಕಿತು. ಹೆಸರಿನ ಹಿಂದೆಯೇ ಆ ಮಳೆಗಾಲವೂ ಬಂತು.

ನಾನು ಅಲ್ಲಿ ಕುಳಿತಿದ್ದಾಗಲೇ ಅಡಿಕೆ ತೋಟದವರೊಬ್ಬರು ಜೀಪಿನಿಂದ ಇಳಿದು ಬಂದರು. ಹದಿನೈದು ದಿನದ ಹಿಂದೆ ಕಟ್ಟಿಸಿಕೊಂಡು ಹೋದ ಮೋಟಾರು ಮತ್ತೆ ಸುಟ್ಟಿದೆ; ಹಾಕಿದ ತಂತಿಯೇ ಕಳಪೆ, ಹಣ ಹಿಂದೆ ಕೊಡಬೇಕು ಎಂಬುದು ಅವರ ವಾದ. ಈತ ಮೋಟಾರನ್ನು ಬಿಚ್ಚಿ ನೋಡಿದ. ನೋಡಿದ ಕ್ಷಣದಲ್ಲೇ ಅವನಿಗೆ ಗೊತ್ತಾಗಿತ್ತು ಎಂಬುದು ಮುಖದಿಂದಲೇ ತಿಳಿಯುತ್ತಿತ್ತು. ಆದರೆ ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿ, ‘ಪುನಃ ಕಟ್ಟಿಕೊಡ್ತೇನೆ, ದುಡ್ಡು ಬೇಡ’ ಎಂದಷ್ಟೇ ಹೇಳಿದ. ಅವರು ಇನ್ನೂ ನಾಲ್ಕು ಮಾತು ಆಡಿ ಹೋದರು.

ಆಮೇಲೆ ನಾನು ಕೇಳಿದೆ. ಆಗ ನಡೆದದ್ದು ನನಗೆ ನಿಜವಾದ ಪಾಠ. ಸುಟ್ಟ ಸುರುಳಿಗಳನ್ನು ಬೆರಳಿನಿಂದ ತೋರಿಸುತ್ತ ಆತ ತುಳುವಿನಲ್ಲಿ ವಿವರಿಸಿದ: ಸುತ್ತುಗಳೆಲ್ಲ ಒಂದೇ ಸಮನೆ ಕಪ್ಪಾಗಿದ್ದರೆ ಮೋಟಾರಿನ ಮೇಲೆ ಭಾರ ಹೆಚ್ಚಾಗಿದೆ ಎಂದರ್ಥ, ಪಂಪು ಜಾಮ್ ಆಗಿರಬಹುದು, ಬೇರಿಂಗ್ ಹೋಗಿರಬಹುದು. ಕೆಲವು ಸುತ್ತು ಕರಿದು ಹೋಗಿ, ಪಕ್ಕದವು ಹೊಸದರಂತೆ ಹೊಳೆಯುತ್ತಿದ್ದರೆ ಮೂರು ಫೇಸಿನಲ್ಲಿ ಒಂದು ಕೈಕೊಟ್ಟಿದೆ; ಮೋಟಾರು ತಿರುಗಲಾರದೆ ಗುಂಯ್‌ಗುಟ್ಟುತ್ತ ಬಿಸಿಯೇರಿ ಸುಟ್ಟಿದೆ. ಅದಕ್ಕೆ ತಂತಿಯನ್ನು ಬದಲಾಯಿಸಿ ಪ್ರಯೋಜನವಿಲ್ಲ. ಒಂದು ಫೇಸು ಹೋದ ಕೂಡಲೇ ಮೋಟಾರನ್ನು ನಿಲ್ಲಿಸುವ ಸಾಧನವನ್ನು ಸ್ಟಾರ್ಟರಿನ ಬಳಿ ಹಾಕಿಸಬೇಕು, ಫ್ಯೂಸು ನೋಡಿಸಬೇಕು. ಇಷ್ಟನ್ನೂ ಆತ ಐದು ನಿಮಿಷದಲ್ಲಿ, ಒಂದು ಅಧಿಕ ಪದವಿಲ್ಲದೆ ಹೇಳಿದ. ವಿದ್ಯುತ್ತಿನ ಗಂಧವಿಲ್ಲದ ನನಗೆ ಸಂಪೂರ್ಣ ಅರ್ಥವಾಯಿತು. ಐವತ್ತು ವರ್ಷ ವ್ಯಾಕರಣ ಓದಿದ ನಾನು ಸಂಧಿಕಾರ್ಯವನ್ನು ಯಾರಿಗೂ ಅಷ್ಟು ಚೆನ್ನಾಗಿ ತಿಳಿಸಿಲ್ಲ.

‘ಇದನ್ನೇ ಅವರಿಗೆ ಹೇಳಬಹುದಿತ್ತಲ್ಲ ಮಾರಾಯ?’ ಎಂದೆ.

‘ನನಗೆ ಮಾತು ಬರುವುದಿಲ್ಲ ಮಾಷ್ಟ್ರೆ. ಕೆಲಸ ಬರ್ತದೆ.’

ಅಡಿಕೆ ತೋಟದವರ ಮೋಟಾರು ಮೂರನೆಯ ಸಲವೂ ಸುಟ್ಟಿತಂತೆ. ಅವರು ಅಂಗಡಿ ಬದಲಾಯಿಸಿದರು. ನಾಲ್ಕು ಜನರಿಗೆ ಹೇಳಿಯೂ ಹೇಳಿದರು. ಒಬ್ಬ ಕುಶಲಕರ್ಮಿಯ ಹೆಸರು ಹೀಗೆ ಕೆಡುತ್ತದೆ.

ಈ ಭೇಟಿಯಾದ ಮರುವರ್ಷವೇ ಯುವಕ ಯುವತಿಯರಿಗೆ ಸ್ವಉದ್ಯೋಗದ ತರಬೇತಿ ನೀಡುವ ಕೇಂದ್ರವೊಂದರಿಂದ ‘ಸಂವಹನದ ಬಗ್ಗೆ ನಾಲ್ಕು ತರಗತಿ ತೆಗೆದುಕೊಳ್ಳಿ’ ಎಂಬ ಕರೆ ಬಂದಾಗ ನಾನು ಒಪ್ಪಿಕೊಂಡದ್ದು ಪ್ರಾಯಶ್ಚಿತ್ತದ ಬುದ್ಧಿಯಿಂದ ಎಂದರೆ ಸುಳ್ಳಾಗಲಾರದು. ಕೇಂದ್ರದ ಹೆಸರು ಹೇಳುವುದಿಲ್ಲ. ಮುಂದೆ ಸ್ವಲ್ಪ ದೂರುವುದಿದೆ.

ಆದರೆ ಇಂಥ ಕೇಂದ್ರಗಳ ಕಲ್ಪನೆ ನಮ್ಮ ನೆಲದ್ದೇ ಎಂಬುದನ್ನು ಎಳೆಯರಿಗೆ ಹೇಳಬೇಕು. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಈ ಮೂರೂ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಊಟ ವಸತಿ ಸಹಿತ ಉಚಿತ ತರಬೇತಿ, ಕೆಲವೇ ವಾರಗಳ ಅವಧಿ, ಕಲಿತು ಹೋದವರನ್ನು ಕೈಬಿಡದೆ ವಿಚಾರಿಸುತ್ತಿರುವ ಕ್ರಮ: ಇವೆಲ್ಲ ಆಗ ಹೊಸದು. ಸರಕಾರಿ ನೌಕರಿಯ ಕರೆಗಾಗಿ ಕಾದು ಕುಳಿತಿದ್ದ ನಮ್ಮ ಎಷ್ಟೋ ಹುಡುಗರು ಅಲ್ಲಿಂದ ಹೊರಬಂದು ದ್ವಿಚಕ್ರ ವಾಹನ ದುರಸ್ತಿ, ಹೊಲಿಗೆ, ಛಾಯಾಗ್ರಹಣ, ಹೈನುಗಾರಿಕೆಗಳಲ್ಲಿ ಕಾಲೂರಿದರು. 2009ರ ಸುಮಾರಿಗೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದೇ ಮಾದರಿಯನ್ನು ದೇಶದ ಎಲ್ಲ ಜಿಲ್ಲೆಗಳಿಗೆ ಬ್ಯಾಂಕುಗಳ ಮೂಲಕ ವಿಸ್ತರಿಸಲು ಹೊರಟಿತು. ಬೆಳ್ತಂಗಡಿ ತಾಲೂಕಿನ ಒಂದು ಊರು ದೇಶಕ್ಕೆ ಕಲಿಸಿಕೊಟ್ಟದ್ದು ಇದು.

ಇಂಥ ತರಬೇತಿಗಳಲ್ಲಿ ಆಡಿಸುವ ಆಟವೊಂದಿದೆ. ಶಿಬಿರಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳುತ್ತಾರೆ. ಪಕ್ಕದಲ್ಲಿ ಇಬ್ಬರು ನಿಂತು ದಾರಿ ಹೇಳಬೇಕು. ಎಷ್ಟು ತುಂಡು ಪೇರಿಸುತ್ತೇನೆಂದು ಆತ ಮೊದಲೇ ಸಾರಬೇಕು. ಇದರ ಮೂಲ ಹುಡುಕಿದರೆ, ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಪ್ರೇರಣೆ ಹುಟ್ಟಿಸಲು ನಡೆಸಿದ ತರಬೇತಿಗಳ ಕಡೆಗೆ ದಾರಿ ಹೋಗುತ್ತದೆ. ಗುರಿ ಇಟ್ಟುಕೊಳ್ಳುವುದನ್ನು ಕಲಿಸಲಿಕ್ಕೆಂದು ಇದನ್ನು ಬಳಸುವುದು ವಾಡಿಕೆ. ನನಗೆ ಅದು ಬೇರೆಯೇ ಒಂದನ್ನು ತೋರಿಸಿತು. ಸಹಾಯಕರು ಬೊಬ್ಬೆ ಹಾಕುತ್ತಾರೆ: ‘ಅಲ್ಲಿ ಅಲ್ಲ, ಇಲ್ಲಿ! ಈಚೆಗೆ! ಸ್ವಲ್ಪ! ಅಯ್ಯೋ, ಅಷ್ಟಲ್ಲ!’ ಕಣ್ಣು ಕಟ್ಟಿದವನಿಗೆ ‘ಇಲ್ಲಿ’ ಎಂದರೆ ಎಲ್ಲಿ, ‘ಸ್ವಲ್ಪ’ ಎಂದರೆ ಎಷ್ಟು? ಗೋಪುರ ಮೂರು ನಾಲ್ಕು ತುಂಡಿಗೆ ಕುಸಿಯುತ್ತದೆ. ಒಮ್ಮೆ ವೇಣೂರಿನ ಕಡೆಯ ಹುಡುಗಿಯೊಬ್ಬಳು, ಬಡಗಿಯ ಮಗಳು, ಸಹಾಯಕ್ಕೆ ನಿಂತಳು. ಸದ್ದು ಮಾಡದೆ, ತುಳುವಿನಲ್ಲಿ, ‘ಹೆಬ್ಬೆರಳಿನ ಕಡೆಗೆ ಎರಡು ನೂಲು. ಸಾಕು. ಬಿಡು’ ಎಂಬಂಥ ಮಾತುಗಳನ್ನಷ್ಟೇ ಹೇಳುತ್ತ ಹೋದಳು. ನೂಲು ಎಂದರೆ ಬಡಗಿಗಳ ಅಳತೆ, ಇಂಚಿನ ಎಂಟನೆಯ ಒಂದು ಭಾಗ. ಗೋಪುರ ಎದ್ದು ನಿಂತಿತು. ಕೇಳುವವನ ಬೆರಳಿನಿಂದ ಅವಳು ದಿಕ್ಕನ್ನು ಅಳೆದಿದ್ದಳು.

ಈಗ ದೂರು. ಅದೇ ಹುಡುಗಿ ಅದೇ ದಿನ ಮಧ್ಯಾಹ್ನ, ಕೇಂದ್ರದವರು ಹಂಚಿದ್ದ ನಾಲ್ಕು ಪುಟಗಳ ಜೆರಾಕ್ಸ್ ಪ್ರತಿಯನ್ನು ಹಿಡಿದು, ಇಂಗ್ಲಿಷಿನಲ್ಲಿ ತನ್ನ ಪರಿಚಯ ಒಪ್ಪಿಸಬೇಕಾಗಿತ್ತು. ‘ಮೈಸೆಲ್ಫ್’ ಎಂದು ಆರಂಭಿಸಿದವಳು ಎರಡನೆಯ ವಾಕ್ಯಕ್ಕೆ ನಿಂತಳು; ಕಣ್ಣು ತುಂಬಿ ಬಂತು. ಆ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಎಲ್ಲರೂ ಬಾಯಿಪಾಠ ಮಾಡಿದ್ದರು. ಇಪ್ಪತ್ತಾರು ಮಂದಿಯ ಹವ್ಯಾಸವೂ ಪುಸ್ತಕ ಓದುವುದೇ ಆಗಿತ್ತು! ಸಂತೋಷಪಟ್ಟ ನಾನು, ಯಾವ ಪುಸ್ತಕ ಓದಿದ್ದೀರಿ ಎಂದು ಕೇಳಿ ಕೆಟ್ಟೆ. ಆಮೇಲೆ ಕಾಗದವನ್ನು ಮಡಚಿಡಲು ಹೇಳಿ, ನಿಮ್ಮ ನಿಮ್ಮ ಮನೆಮಾತಿನಲ್ಲಿ ಹೇಳಿ, ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಒಬ್ಬಳು ಹತ್ತು ವರ್ಷದವಳಿದ್ದಾಗಿನಿಂದ ತಾಯಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದು ಕೊಡುತ್ತಿದ್ದವಳು. ಅಲ್ಲಿ ಚೆಕ್ಕರು ಬೀಡಿಯನ್ನು ತಿರಸ್ಕರಿಸಿ ಬದಿಗೆ ಹಾಕುವಾಗ, ಎಲೆಯೇ ಹಾಳಿತ್ತು, ಕಟ್ಟಿದ್ದು ಹಾಳಲ್ಲ ಎಂದು ವಾದಿಸಿ, ಜಗಳವಾಗದಂತೆ, ನಾಳೆಯ ಎಲೆಗೆ ತೊಂದರೆಯಾಗದಂತೆ ಅರ್ಧವನ್ನಾದರೂ ಒಪ್ಪಿಸಿ ಬರುತ್ತಿದ್ದಳಂತೆ. ಹೇಳುವಾಗ ಚೆಕ್ಕರಿನ ದನಿಯನ್ನೂ ತನ್ನ ದನಿಯನ್ನೂ ಆಡಿ ತೋರಿಸಿದಳು. ತರಗತಿ ನಕ್ಕಿತು, ಈ ಸಲ ನಗು ಬೇರೆ ತರಹದ್ದು. ವ್ಯವಹಾರಶಾಸ್ತ್ರದ ಯಾವ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ? ಈ ಹುಡುಗಿಗೆ ‘ಸಂವಹನ ಕೌಶಲವಿಲ್ಲ’ ಎಂದು ಪ್ರಮಾಣಪತ್ರ ಕೊಡುವವರು ನಾವು.

ಇದ್ದುದನ್ನು ಗುರುತಿಸದೆ, ಇಲ್ಲದ್ದನ್ನು ಹೊರಗಿನಿಂದ ತಂದು ಅಂಟಿಸುವುದು ನಮ್ಮ ಹಳೆಯ ಚಾಳಿ. ಇದೇ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದ ಅವರು ಮಕ್ಕಳ ಕಿವಿಗೆ ಹತ್ತುವ ಕನ್ನಡವನ್ನು ಕಟ್ಟಿದರು. ಅತ್ತ ಮೂಡುಬಿದಿರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ಕ್ಕೆ ತೊಡಗುವಾಗಲೇ, ಕನ್ನಡಿಗರೂ ತೆಲುಗರೂ ತುಳುವರೂ ತಂತಮ್ಮ ನುಡಿಯಲ್ಲಿ ಮೆಚ್ಚಿಕೊಳ್ಳುತ್ತ ಕೇಳಬೇಕೆಂದು ಬಯಸಿದ. ಕೇಳುವವನ ಭಾಷೆ ಯಾವುದೆಂದು ಕವಿ ಮೊದಲು ಯೋಚಿಸಿದ. ನಾವು ಮೂವತ್ತು ವರ್ಷ ಪಾಠ ಹೇಳಿಯೂ ಯೋಚಿಸಲಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ಭ್ರಮೆಯೂ ಉಂಟು: ಚೆನ್ನಾಗಿ ಮಾತನಾಡುವುದೆಂದರೆ ಭಾಷಣ ಮಾಡುವುದು ಎಂಬುದು. ನೂರಾರು ಭಾಷಣ ಸ್ಪರ್ಧೆಗಳ ತೀರ್ಪುಗಾರನಾಗಿ ನಾನೂ ಈ ಭ್ರಮೆಗೆ ನೀರೆರೆದವನೇ. ಅಪ್ಪನೋ ಅಧ್ಯಾಪಕನೋ ಬರೆದುಕೊಟ್ಟದ್ದನ್ನು ಉಸಿರು ಬಿಡದೆ ಒಪ್ಪಿಸಿದ ಮಗುವಿಗೆ ಸ್ಟೀಲಿನ ಲೋಟ ಕೊಟ್ಟು ಕಳುಹಿಸುತ್ತಿದ್ದೆವು. ತಾಳಮದ್ದಳೆಯ ನಾಡಿನಲ್ಲಿ ಹೀಗಾದದ್ದು ಆಶ್ಚರ್ಯ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೋ ರಾವಣನನ್ನೋ ಕೇಳಲು ರಾತ್ರಿಯೆಲ್ಲ ಚಾಪೆಯ ಮೇಲೆ ಕುಳಿತವರು ನಾವು. ಅವರ ವಾಗ್ವೈಭವವನ್ನು ಕೊಂಡಾಡಿದೆವು. ಆದರೆ ಅರ್ಥಧಾರಿಗೆ ಮೊದಲೇ ಬರೆದಿಟ್ಟ ಮಾತಿಲ್ಲ. ಭಾಗವತರ ಪದ್ಯವನ್ನು ಕೇಳಿ ಅದಕ್ಕೆ ಅರ್ಥ ಹೇಳಬೇಕು, ಎದುರಾಳಿ ಆಡಿದ್ದನ್ನು ಕೇಳಿ ಅದಕ್ಕೆ ಉತ್ತರ ಕೊಡಬೇಕು. ಎದುರಾಳಿಯ ಮಾತನ್ನು ಸರಿಯಾಗಿ ಗ್ರಹಿಸದೆ ತನ್ನದನ್ನೇ ಹೇಳಿಕೊಂಡು ಹೋದವನನ್ನು ಹಳ್ಳಿಯ ಶ್ರೋತೃಗಳು ಕೂಡಲೇ ಗುರುತಿಸುತ್ತಾರೆ. ನಾವು ಶೇಣಿಯವರ ನಾಲಗೆಯನ್ನು ಕಂಡೆವು, ಕಿವಿಯನ್ನು ಕಾಣಲಿಲ್ಲ.

ಹಾಗಾದರೆ ಕಲಿಸಬೇಕಾದದ್ದೇನು? ನಾನು ಆ ಕೇಂದ್ರದಲ್ಲಿ ಮಾಡಿ ನೋಡಿದ್ದನ್ನೇ ಹೇಳುತ್ತೇನೆ, ದೊಡ್ಡ ಸಂಶೋಧನೆಯೇನಲ್ಲ.

ಹೊಲಿಗೆ ಕಲಿಯುವವರಿಗೆ ತಾರೀಕು ಹೇಳುವುದನ್ನು ಕಲಿಸಿದೆ. ನಮ್ಮೂರ ಟೈಲರುಗಳ ‘ನಾಡಿದ್ದು ಬನ್ನಿ’ ಎಂಬ ಮಾತು ಜಗತ್ಪ್ರಸಿದ್ಧ. ನಾಡಿದ್ದು ಆಗುವುದಿಲ್ಲವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಹೊಲಿಯುವುದಕ್ಕೆ ಎಷ್ಟು ದಿನ ಬೇಕು, ಕೈಯಲ್ಲಿ ಎಷ್ಟು ಬಟ್ಟೆ ಇದೆ ಎಂದು ಲೆಕ್ಕ ಹಾಕಿ ದಿನಾಂಕ ಕೊಡುವುದು, ತಪ್ಪುವುದೆಂದು ಕಂಡಾಗ ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಫೋನು ಮಾಡಿ ತಿಳಿಸುವುದು, ಇದಕ್ಕೆ ಇಡೀ ಒಂದು ಮಧ್ಯಾಹ್ನ ಬೇಕಾಯಿತು. ಏಕೆಂದರೆ ‘ಆಗುವುದಿಲ್ಲ’ ಎಂದು ಹೇಳುವುದು ಅವಿನಯ ಎಂದು ಎಲ್ಲರೂ ತಿಳಿದಿದ್ದರು. ಅಳತೆ ತೆಗೆದುಕೊಂಡ ಮೇಲೆ ಗಿರಾಕಿಯ ಮುಂದೆ ಒಮ್ಮೆ ಓದಿ ಹೇಳುವುದು, ಎಲೆಕ್ಟ್ರಿಷಿಯನ್ ಆದರೆ ‘ಮೈನ್ ನಾನೇ ತೆಗೆದಿದ್ದೇನೆ, ನಾನು ಹೇಳುವವರೆಗೆ ಯಾರೂ ಹಾಕಬೇಡಿ’ ಎಂದು ಮನೆಯವರಿಂದ ಹೌದೆನ್ನಿಸಿಕೊಳ್ಳುವುದು, ಒಂದು ಚೀಟಿಯಲ್ಲಿ ಬಂದ ದೂರು, ಹೇಳಿದ ದರ, ಪಡೆದ ಮುಂಗಡ ಬರೆದುಕೊಡುವುದು ಇತ್ಯಾದಿಗಳನ್ನು ಜೋಡಿ ಜೋಡಿಯಾಗಿ ಮಾಡಿಸಿದೆ. ಭಾಷೆ ಯಾವುದಾದರೂ ಸರಿ ಎಂದಿದ್ದೆ. ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಎಲ್ಲವೂ ಕೇಳಿಬಂದವು. ಚೀಟಿ ಮಾತ್ರ ಕನ್ನಡದಲ್ಲಿ.

ಎಲ್ಲಕ್ಕಿಂತ ಕಷ್ಟವಾದ ಪಾಠ ‘ಗೊತ್ತಿಲ್ಲ’ ಎಂಬುದು. ಮೇಷ್ಟ್ರ ಪ್ರಶ್ನೆಗೆ ‘ಗೊತ್ತಿಲ್ಲ’ ಎಂದರೆ ಅಂಗೈಗೆ ಬೆತ್ತ ಬೀಳುತ್ತಿದ್ದ ಕಾಲದವರು ನಾವು. ಬೆತ್ತ ಹೋದರೂ ಭಯ ಹೋಗಲಿಲ್ಲ. ‘ನನಗೆ ಗೊತ್ತಿಲ್ಲ, ಕೇಳಿ ನಾಳೆ ಹೇಳುತ್ತೇನೆ’ ಎಂಬ ವಾಕ್ಯವನ್ನು ತಲೆ ತಗ್ಗಿಸದೆ ಹೇಳಲು ಎಷ್ಟೋ ಮಂದಿಗೆ ಮೂರು ದಿನ ಹಿಡಿಯಿತು. ತುಳುವಿನಲ್ಲಿ ‘ಎಂಕ್ ಗೊತ್ತುಜ್ಜಿ’ ಎಂದು ಮೊದಲು ಹೇಳಿಸಿ, ನಗು ಮುಗಿದ ಮೇಲೆ ಕನ್ನಡಕ್ಕೆ ಬಂದೆ.

ಇದನ್ನೆಲ್ಲ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಮೂಡುಬಿದಿರೆಯಲ್ಲಿ ನರ್ಸಿಂಗ್ ಕಲಿಸುವವಳು. ಅದಕ್ಕೆ ಮೊದಲು ಗಲ್ಫಿನಲ್ಲಿ ಹತ್ತು ವರ್ಷ ದುಡಿದವಳು. ಅವಳು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ‘ಸರ್, ನಿಮ್ಮ ಪಾಠ ಊರಲ್ಲೇ ಉಳಿಯುವವರಿಗೆ ಸರಿ. ನನ್ನ ಮಕ್ಕಳು ಮಂಗಳೂರಿನ ಆಸ್ಪತ್ರೆಗೆ, ದುಬೈಗೆ ಹೋಗುವವರು. ಇಂಗ್ಲಿಷ್ ಬೇಡ ಎಂದು ನೀವು ಹೇಳಿ, ಅವರು ಕೆಲಸ ಸಿಗದೆ ಕುಳಿತರೆ ಯಾರು ಹೊಣೆ? ನಿಮ್ಮ ಸ್ವಂತ ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆ?’ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಅವಳಿಗೂ ಗೊತ್ತಿತ್ತು.

ಅವಳ ಮಾತು ನ್ಯಾಯವೇ. ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ; ಬಡವರ ಮಕ್ಕಳಿಗೆ ಮಾತ್ರ ಬೇಡವೆಂದು ಹೇಳುವುದಂತೂ ಪಾಪ. ಅದನ್ನು ಭಾಷೆಯಾಗಿ, ಕಾಲಾವಕಾಶ ಕೊಟ್ಟು, ಬಲ್ಲವರಿಂದ ಕಲಿಸಲಿ. ಎರಡು ದಿನದಲ್ಲಿ ನಾಲ್ಕು ಪುಟ ಉರು ಹೊಡೆಸಿ ಅದನ್ನು ಸಂವಹನವೆಂದು ಕರೆಯುವುದು ಬೇಡ ಎಂಬಷ್ಟೇ ನನ್ನ ವಾದ. ಇಂಗ್ಲಿಷ್ ಬಂದ ಮಾತ್ರಕ್ಕೆ ಮಾತು ತಲುಪುತ್ತದೆಯೇ? 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ನಿಯಂತ್ರಕನೂ ಪೈಲಟ್‌ಗಳೂ ಆಡುತ್ತಿದ್ದುದು ಇಂಗ್ಲಿಷನ್ನೇ. ಹೊರಡಲು ಅಪ್ಪಣೆ ಸಿಕ್ಕಿತೆಂದು ಒಬ್ಬರು ತಿಳಿದರು, ಇನ್ನೂ ನಿಂತಿದ್ದಾರೆಂದು ಇನ್ನೊಬ್ಬರು ತಿಳಿದರು. ಆ ಬಳಿಕ ‘ಟೇಕಾಫ್’ ಎಂಬ ಪದವನ್ನು ನಿಜವಾದ ಅಪ್ಪಣೆ ಕೊಡುವಾಗ, ರದ್ದು ಮಾಡುವಾಗ ಮಾತ್ರ ಬಳಸಬೇಕೆಂಬ, ಪಡೆದ ಅಪ್ಪಣೆಯನ್ನು ಪೂರ್ತಿಯಾಗಿ ಮರಳಿ ಹೇಳಿ ಖಚಿತಪಡಿಸಿಕೊಳ್ಳಬೇಕೆಂಬ ಶಿಸ್ತು ಬಿಗಿಯಾಯಿತು. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಲ್ಲೂ ಹಾಗೆಯೇ ಸರ್, ಡಾಕ್ಟರು ಫೋನಿನಲ್ಲಿ ಮದ್ದಿನ ಪ್ರಮಾಣ ಹೇಳಿದರೆ ಬರೆದುಕೊಂಡು ಓದಿ ಹೇಳಬೇಕು’ ಎಂದಳು. ‘ಮಕ್ಕಳು ಓದಿ ಹೇಳುತ್ತಾರಾ?’ ಎಂದೆ. ‘ಇಂಗ್ಲಿಷ್ ತಪ್ಪಿದರೆ ಬೈತಾರೆ ಅಂತ ಹೆದರಿ ಹೇಳುವುದಿಲ್ಲ’ ಎಂದಳು. ನಮ್ಮಿಬ್ಬರ ವಾದವೂ ಅಲ್ಲಿಗೆ ಒಂದೇ ಕಡೆ ಬಂದು ನಿಂತಿತು.

ಇನ್ನೊಂದು ಮಾತು. ಒಂದು ಕೈಯಿಂದ ಚಪ್ಪಾಳೆಯಾಗದು. ನಮ್ಮ ರಿವೈಂಡಿಂಗಿನವನು ಸುರುಳಿ ಸುತ್ತುವ ಯಂತ್ರಕ್ಕಾಗಿ ಸಾಲ ಕೇಳಲು ಬ್ಯಾಂಕೊಂದಕ್ಕೆ ಹೋಗಿದ್ದ. ಮ್ಯಾನೇಜರರು ಹಿಂದಿಯಲ್ಲಿ ಎರಡು ಪ್ರಶ್ನೆ ಕೇಳಿದರು. ಇವನು ನಮಸ್ಕಾರ ಹೇಳಿ ಹಿಂದೆ ಬಂದ. ಈ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರ ಏಪ್ರಿಲಿನಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಕೌಂಟರಿನ ಆಚೆಯಿಂದ ‘ದಾದ ಆವೊಡು?’ ಎಂದು ಕೇಳುವ ಗುಮಾಸ್ತರು ಅದಕ್ಕೂ ಮೊದಲೇ ಕಡಿಮೆಯಾಗಿದ್ದರು ಎನ್ನಿ. ಹೊರಗಿನಿಂದ ಬಂದ ಮ್ಯಾನೇಜರರ ಮೇಲೆ ನನಗೆ ಸಿಟ್ಟಿಲ್ಲ, ಅವರನ್ನೂ ಯಾರೋ ವರ್ಗ ಮಾಡಿ ಕಳುಹಿಸಿದ್ದಾರೆ. ಆದರೆ ಮಾತು ಕಲಿಯುವ ಹೊಣೆ ಮೇಜಿನ ಈಚೆಗೆ ಕುಳಿತವನಿಗೆ ಮಾತ್ರ ಏಕೆ? ತರಬೇತಿ ಕೊಡುವುದಾದರೆ ಆಚೆ ಕುಳಿತವರಿಗೂ ನಾಲ್ಕು ತರಗತಿ ಕೊಡಲಿ. ನಾನೇ ಹೋಗಿ ಪುಕ್ಕಟೆ ತೆಗೆದುಕೊಳ್ಳುತ್ತೇನೆ.

ಕೊನೆಗೆ ಒಂದು ದಿನ ಆತನನ್ನೇ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮೊದಲು ಒಪ್ಪಲಿಲ್ಲ, ‘ನಾನೆಂತ ಮಾತಾಡುವುದು ಮಾಷ್ಟ್ರೆ’ ಎಂದ. ಮಾತಾಡುವುದು ಬೇಡ, ಒಂದು ಸುಟ್ಟ ಮೋಟಾರು ತಂದು ಬಿಚ್ಚಿ ತೋರಿಸು ಎಂದೆ. ಚೀಲದಲ್ಲಿ ಹೊತ್ತು ತಂದ. ಮೇಜಿನ ಸುತ್ತ ಹತ್ತು ಹನ್ನೆರಡು ಹುಡುಗರು. ಕಪ್ಪಾದ ಸುತ್ತು, ಹೊಳೆಯುವ ಸುತ್ತು ಎಂದು ತುಳುವಿನಲ್ಲಿ ಆರಂಭವಾದದ್ದು ಮುಕ್ಕಾಲು ಗಂಟೆ ನಡೆಯಿತು. ಪುತ್ತೂರಿನ ಆಚೆಯ ಹುಡುಗನೊಬ್ಬನಿಗೆ ತುಳು ಬಾರದು. ಅವನಿಗಾಗಿ ನಡುವೆ ನಡುವೆ ಕನ್ನಡಕ್ಕೆ ಹೊರಳಿದ. ಲಕಾರವೂ ಬಂತು. ಒಬ್ಬ ಹುಡುಗ ನಕ್ಕ. ಆತ ನಿಲ್ಲಿಸಲಿಲ್ಲ. ನಾನು ಆ ನಕ್ಕವನ ಕಡೆಗೆ ನೋಡಲಿಲ್ಲ. ಬಾಗಿಲ ಬಳಿ ನಿಂತು ನನ್ನ ಚಪ್ಪಲಿಯನ್ನು ನೋಡುತ್ತಿದ್ದೆ.

ಬಸ್ಸಿನಲ್ಲಿ ಹಿಂದಿರುಗುವಾಗ 1986ರ ವಿಷಯ ಎತ್ತಿದೆ. ಕ್ಷಮೆ ಕೇಳಬೇಕೆಂದಿದ್ದೆ, ವಾಕ್ಯ ಕಟ್ಟಲು ನನಗೇ ಬರಲಿಲ್ಲ. ಆತ ಕಿಟಕಿಯಾಚೆ ನೋಡುತ್ತ, ‘ಅದು ಬಿಡಿ ಮಾಷ್ಟ್ರೆ. ಆ ದಿನದ ಉತ್ತರ ನನಗೆ ಸರಿ ಗೊತ್ತಿತ್ತು’ ಎಂದ. ಪ್ರಶ್ನೆ ಯಾವುದೆಂದು ನನಗೆ ನೆನಪಿರಲಿಲ್ಲ. ಕೇಳಿದೆ. ಹೇಳಿದ. ಸರಿಯಾಗಿಯೇ ಇತ್ತು.

ಮುಂದಿನ ತಂಡಕ್ಕೂ ಬರುತ್ತಾನಂತೆ. ಆದರೆ ಮಾರ್ಚ್, ಏಪ್ರಿಲ್ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದಾನೆ. ತೋಟಕ್ಕೆ ನೀರು ಬಿಡುವ ಕಾಲ, ಪಂಪುಗಳು ಸುಡುವ ಕಾಲ. ಮಳೆ ಹಿಡಿದ ಮೇಲೆ ಜೂನ್ ಎರಡನೆಯ ವಾರ, ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಎಂದು ತಾರೀಕು ಕೊಟ್ಟಿದ್ದಾನೆ. ನಾನು ಬರೆದುಕೊಂಡು, ಅವನಿಗೆ ಒಮ್ಮೆ ಓದಿ ಹೇಳಿದ್ದೇನೆ.